ಟಯರು ತೋರಿಸಿದ ಲೆಕ್ಕ

ತಿಪಟೂರಿನಿಂದ 20 ಕಿಲೋಮೀಟರ್ ದೂರದಲ್ಲಿ ನಮ್ಮ ಊರು. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ದುಡಿದು, ನಿವೃತ್ತನಾದ ಮೇಲೆ ನಾನು ಊರಿಗೇ ಬಂದುಬಿಟ್ಟೆ. ತೋಟ ನೋಡಿಕೊಳ್ಳುವವನು ನನ್ನ ತಮ್ಮ. ನನಗೆ ಮರ ಹತ್ತಲೂ ಬಾರದು, ನೀರು ಕಟ್ಟಲೂ ಬಾರದು. ಬಿ.ಕಾಂ. ಓದಿದವನೆಂದು ತೋಟದ ಲೆಕ್ಕ ಬರೆಯುವ ಕೆಲಸವನ್ನು ನನಗೆ ವಹಿಸಿದರು. ಕಾಯಿ ಎಷ್ಟು ಕಿತ್ತಿತು, ಕೊಬ್ಬರಿ ಎಷ್ಟು ಹೋಯಿತು, ಆಳಿಗೆಷ್ಟು, ಡೀಸೆಲ್ಲಿಗೆಷ್ಟು ಎಂದು ದಿನಾ ಸಂಜೆ ಕನ್ನಡಕ ಹಾಕಿಕೊಂಡು ಬರೆಯುತ್ತೇನೆ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಊಟ ರುಚಿಸುವುದಿಲ್ಲ. ಈ ಸ್ವಭಾವದಿಂದ ನಾನೊಂದು ದೊಡ್ಡ ತಪ್ಪು ಮಾಡಿದೆ. ಅದನ್ನೇ ಈಗ ಹೇಳಹೊರಟಿರುವುದು.

ನಮ್ಮಲ್ಲಿ ಒಂದು ಹಳೆಯ ಪಿಕಪ್ ಇದೆ. ಆರನೇ ತರಗತಿ ಓದುವ ನನ್ನ ಮೊಮ್ಮಗಳಿಗೆ 11 ವರ್ಷ, ಪಿಕಪ್ಪಿಗೆ 22. ಈಗಿನ ಗಾಡಿಗಳಲ್ಲಿ ಮುಂದಿನ ಎರಡು ಚಕ್ರಗಳೂ ತಮ್ಮ ಪಾಡಿಗೆ ತಾವು ಮೇಲೆ ಕೆಳಗೆ ಆಡುತ್ತವೆ. ನಮ್ಮದರಲ್ಲಿ ಹಾಗಿಲ್ಲ. ಎತ್ತಿನ ಗಾಡಿಯ ಅಚ್ಚಿನ ಹಾಗೆ ಒಂದೇ ಉದ್ದನೆಯ ಗಟ್ಟಿ ಆಕ್ಸಲ್, ಅದರ ಮೇಲೆ ಬ್ಲೇಡು ಬ್ಲೇಡಾಗಿ ಜೋಡಿಸಿದ ಸ್ಪ್ರಿಂಗು. ಎರಡು ಚಕ್ರಗಳೂ ಒಟ್ಟಿಗೆ ತಿರುಗಲೆಂದು ಆಕ್ಸಲಿನ ಹಿಂದೆ ಒಂದು ಉದ್ದ ಕಂಬಿ ಇರುತ್ತದೆ. ಅದನ್ನು ಟೈ ರಾಡ್ ಎನ್ನುತ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ. ನಾನು ಇದನ್ನು ಕಲಿತದ್ದು 70 ದಾಟಿದ ಮೇಲೆ.

ಹೋದ ವರ್ಷ ಹೊಸದಾಗಿ ಎರಡು ಮುಂದಿನ ಟಯರು ಹಾಕಿಸಿದ್ದೆವು. ಎಂಟೇ ತಿಂಗಳಿಗೆ ಅವು ಸವೆದುಹೋದವು. ನನ್ನ ಪುಸ್ತಕದ ಪ್ರಕಾರ ಗಾಡಿ ಓಡಿದ್ದು ಸುಮಾರು 8 ಸಾವಿರ ಕಿಲೋಮೀಟರ್. ತಿಪಟೂರಿಗೆ ಹೋಗಿ ಬಂದರೆ 40 ಕಿಲೋಮೀಟರ್, ವಾರಕ್ಕೆ ಆರು ದಿನ, ಲೆಕ್ಕ ಸರಿಯಾಗಿಯೇ ಇತ್ತು. ಹಿಂದಿನ ಜೋಡಿ ಟಯರು ಇದರ ನಾಲ್ಕರಷ್ಟು ಓಡಿತ್ತು. ಹಾಗಾದರೆ ಈ ಜೋಡಿ ಏಕೆ ಹೀಗಾಯಿತು?

ಲೆಕ್ಕ ಬರೆಯುವವನಿಗೆ ಬರುವ ಮೊದಲ ಗುಮಾನಿ ಯಾವುದೆಂದು ನಿಮಗೆ ಗೊತ್ತೇ ಇದೆ. ಡ್ರೈವರು ನನಗೆ ಗೊತ್ತಿಲ್ಲದ ಹಾಗೆ ರಾತ್ರಿ ಬಾಡಿಗೆ ಹೊಡೆಯುತ್ತಿರಬೇಕು, ಹೆಚ್ಚು ಲೋಡು ಹಾಕುತ್ತಿರಬೇಕು, ಇಲ್ಲವೇ ತಿರುವುಗಳಲ್ಲಿ ಹುಚ್ಚಾಪಟ್ಟೆ ಓಡಿಸುತ್ತಿರಬೇಕು ಅಂದುಕೊಂಡೆ. ಅವನು ನಮ್ಮಲ್ಲಿ 14 ವರ್ಷದಿಂದ ಇದ್ದಾನೆ. ಒಂದು ಸಂಜೆ ಜಗಲಿಯ ಮೇಲೆ ಕುಳಿತು, ನಾಲ್ಕು ಜನರ ಎದುರಿಗೆ ಕೇಳಿಯೇಬಿಟ್ಟೆ.

"ಏನಪ್ಪಾ, ಟಯರು ತಿನ್ನೋಕೆ ಶುರು ಮಾಡಿದ್ದೀಯಾ?"

ಅವನು ತಲೆಯೆತ್ತಿ ನನ್ನನ್ನು ನೋಡಿ, "ಗಾಡಿ ಎಳೀತದೆ ಸ್ವಾಮಿ. ಸ್ಟೇರಿಂಗು ನಿಲ್ಲಾಕಿಲ್ಲ. ಆವಾಗ್ಲೇ ಹೇಳಿದ್ನಲ್ಲ" ಎಂದ.

ಹೇಳಿದ್ದು ನಿಜ. ಎರಡು ಸಲ ಹೇಳಿದ್ದ. ಎರಡು ಸಲವೂ ಪೇಟೆಯ ಒಂದು ಅಂಗಡಿಗೆ ಕಳಿಸಿ, ಕಂಪ್ಯೂಟರಿನಲ್ಲಿ ಅಲೈನ್‌ಮೆಂಟ್ ಮಾಡಿಸಿ, ಸಲಕ್ಕೆ 400 ರೂಪಾಯಿ ಕೊಟ್ಟು ರಸೀದಿ ಇಟ್ಟುಕೊಂಡಿದ್ದೆ. ರಸೀದಿ ಇದ್ದ ಮೇಲೆ ಕೆಲಸ ಆಗಿದೆ ಎಂದೇ ನನ್ನ ನಂಬಿಕೆ. ಹಾಗಾಗಿ ಅವನ ಮಾತು ನೆಪವೆಂದು ತೋರಿತು. ಟಯರಿನ ಬಾಬ್ತು ತಿಂಗಳಿಗೆ 500 ರೂಪಾಯಿಯಂತೆ ಸಂಬಳದಲ್ಲಿ ಮುರಿದುಕೊಳ್ಳುವುದೆಂದು ಪುಸ್ತಕದಲ್ಲಿ ಬರೆದೆ. ತಮ್ಮ "ಬೇಡ ಕಣಣ್ಣ" ಎಂದ. ನಾನು ಕೇಳಲಿಲ್ಲ. ಮೂರು ತಿಂಗಳು ಮುರಿದೆ. ನಾಲ್ಕನೆಯ ತಿಂಗಳು ಅವನು ಬಂದು, "ಮುಂದಿನ ತಿಂಗಳಿಂದ ಬೇರೆ ಕಡೆ ನೋಡ್ಕತೀನಿ" ಎಂದು ಹೇಳಿ ಹೋದ. ಜಗಳವಾಡಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲವೇನೋ.

ಬೇಸಿಗೆ ರಜೆಗೆ ಮೊಮ್ಮಗಳು ಬಂದಿದ್ದಳು. ಅವಳಿಗೆ ಎಲ್ಲವನ್ನೂ ಮುಟ್ಟಿ ನೋಡಬೇಕು. ಪಿಕಪ್ಪಿನ ಮುಂದೆ ಕುಳಿತು ಟಯರು ಸವರುತ್ತಿದ್ದವಳು, "ತಾತ, ಇಲ್ಲಿ ಬನ್ನಿ. ಹೊರಗಿಂದ ಒಳಗೆ ಸವರಿದ್ರೆ ಚುಚ್ಚುತ್ತೆ, ಒಳಗಿಂದ ಹೊರಗೆ ಸವರಿದ್ರೆ ನುಣುಪು. ತುರಿಯೋ ಮಣೆ ಥರ ಇದೆ!" ಎಂದು ಕೂಗಿದಳು. (ಸವೆದ ಟಯರಿನಲ್ಲಿ ಸಣ್ಣ ತಂತಿಗಳು ಎದ್ದಿರುತ್ತವೆ, ಬೆರಳು ಕೊಯ್ಯುತ್ತವೆ. ನಿಂತ ಗಾಡಿಯನ್ನೇ ಆದರೂ ದೊಡ್ಡವರು ಹತ್ತಿರವಿದ್ದಾಗ ಮಾತ್ರ ಮುಟ್ಟಿ.)

ನಾನೂ ಬಗ್ಗಿ ಸವರಿದೆ. ಹೌದು, ರಬ್ಬರಿನ ಪ್ರತಿಯೊಂದು ಪಟ್ಟಿಯ ಒಂದು ಅಂಚು ಗರಗಸದಂತೆ ಎದ್ದಿತ್ತು. ಇನ್ನೊಂದು ಟಯರಿನಲ್ಲೂ ಹಾಗೆಯೇ. ಎರಡರಲ್ಲೂ ಒಳಗಂಚು ಬೋಳು, ಹೊರಗಂಚಿನಲ್ಲಿ ಇನ್ನೂ ಗೀರುಗಳು ಉಳಿದಿದ್ದವು.

ಬ್ಯಾಂಕಿನಲ್ಲಿ ನಮಗೊಂದು ಉಪಾಯ ಕಲಿಸಿದ್ದರು. ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದಾಗಿ ಬರೆದಿರುವ ಸಂಭವ ಹೆಚ್ಚು. 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. 82ಕ್ಕೆ 28 ಬರೆದರೆ 54, ಅದೂ 9ರಿಂದ ಭಾಗವಾಗುತ್ತದೆ. ನೀವೂ ಬೇರೆ ಅಂಕಿ ಇಟ್ಟು ನೋಡಿ. ಎಂಥ ತಪ್ಪು ಎಂದು ಆ ವ್ಯತ್ಯಾಸವೇ ಹೇಳುತ್ತದೆ, ಹುಡುಕಲು ದಾರಿ ಸಿಗುತ್ತದೆ. ಟಯರಿನ ಮುಂದೆ ಕುಳಿತಾಗ ನನಗೆ ಅದೇ ನೆನಪಾಯಿತು. ಇಷ್ಟು ದಿನ ನಾನು ಟಯರು ಎಷ್ಟು ಸವೆಯಿತು ಎಂದಷ್ಟೇ ನೋಡಿದ್ದೆ, ಹೇಗೆ ಸವೆಯಿತು ಎಂದು ನೋಡಿರಲಿಲ್ಲ.

ಊರ ಹೊರಗೆ ಹುಣಸೆಮರದ ಕೆಳಗೆ ಒಂದು ಗ್ಯಾರೇಜಿದೆ. ಅಲ್ಲಿನ ಮೇಸ್ತ್ರಿ ನನಗಿಂತ ಹತ್ತು ವರ್ಷ ಚಿಕ್ಕವನು. ಗಾಡಿ ತರಿಸಿ ಅವನಿಗೆ ತೋರಿಸಿದೆ. ಡ್ರೈವರು ಬಂದು ಬೀಗದ ಕೈ ಕೊಟ್ಟು, ಸ್ವಲ್ಪ ದೂರದಲ್ಲಿ ನಿಂತ.

ಮೇಸ್ತ್ರಿ ಟಯರು ನೋಡಿದವನೇ ನನಗೆ ಪಾಠ ಶುರು ಮಾಡಿದ. "ಹೆಚ್ಚು ಲೋಡು ಹಾಕಿ, ಗಾಳಿ ಕಮ್ಮಿ ಇಟ್ಟು ಓಡಿಸಿದ್ರೆ ಟಯರಿನ ಎರಡು ಅಂಚೂ ಸವೀತವೆ ಸ್ವಾಮಿ. ಗಾಳಿ ಜಾಸ್ತಿ ಆದ್ರೆ ನಡುಮಧ್ಯ ಸವೀತದೆ. ತಿರುವಿನಾಗೆ ಜೋರಾಗಿ ಎಳೆದ್ರೆ ಹೊರಗಂಚು ಹೋಗ್ತದೆ. ನಿಮ್ದು ಎರಡು ಚಕ್ರದಾಗೂ ಒಳಗಂಚು ಹೋಗದೆ, ಗರಗಸ ಬೇರೆ ಎದ್ದದೆ. ಇದು ಓಡಿಸಿದವನ ಕೆಲಸ ಅಲ್ಲ."

ನಾನು ಡ್ರೈವರಿನ ಕಡೆ ನೋಡಲಿಲ್ಲ. ನೋಡಲು ಆಗಲಿಲ್ಲ.

ಮಕ್ಕಳೇ, ನೀವು ಎದ್ದುನಿಂತು ಎರಡು ಕಾಲಿನ ಹೆಬ್ಬೆರಳುಗಳನ್ನೂ ಸ್ವಲ್ಪ ಒಳಕ್ಕೆ ತಿರುಗಿಸಿ. ಗಾಡಿಯ ಮುಂದಿನ ಚಕ್ರಗಳು ಹೀಗೆ ನಿಂತರೆ ಟೋ ಇನ್. ಹೆಬ್ಬೆರಳು ಹೊರಕ್ಕೆ ತಿರುಗಿಸಿದರೆ ಟೋ ಔಟ್. ಟೋ ಎಂದರೆ ಕಾಲ್ಬೆರಳೇ. ನಮ್ಮಂಥ ಗಾಡಿಯ ಚಕ್ರಗಳನ್ನು ಒಂದೆರಡು ಮಿಲಿಮೀಟರಿನಷ್ಟು ಒಳಕ್ಕೇ ಇಟ್ಟಿರುತ್ತಾರೆ. ಓಡುವಾಗ ರಸ್ತೆ ಚಕ್ರಗಳನ್ನು ಹಿಂದಕ್ಕೆ ತಳ್ಳುತ್ತದೆ, ಕೀಲುಗಳಲ್ಲಿರುವ ಸಡಿಲದಿಂದ ಅವು ಸ್ವಲ್ಪ ಹೊರಕ್ಕೆ ತೆರೆದುಕೊಂಡು ನೇರವಾಗುತ್ತವೆ. ಸರಿಯಾದ ಅಳತೆ ಪ್ರತಿ ಗಾಡಿಗೂ ಬೇರೆ, ಅದರ ಪುಸ್ತಕದಲ್ಲೇ ಬರೆದಿರುತ್ತದೆ.

ಇನ್ನೆರಡು ಅಳತೆಗಳಿವೆ. ಎದುರಿಗೆ ನಿಂತು ನೋಡಿದಾಗ ಚಕ್ರದ ತಲೆ ಹೊರಕ್ಕೋ ಒಳಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಇದು ಕೆಟ್ಟರೂ ಟಯರು ಒಂದೇ ಬದಿಗೆ ಸವೆಯುತ್ತದೆ, ಆದರೆ ಗರಗಸ ಏಳದೆ ನುಣ್ಣಗೆ ಸವೆಯುತ್ತದೆ. ಮೂರನೆಯದು ಕ್ಯಾಸ್ಟರ್. ನಿಮ್ಮ ಸೈಕಲ್ಲನ್ನು ಪಕ್ಕದಿಂದ ನೋಡಿ. ಮುಂದಿನ ಫೋರ್ಕು ನೆಟ್ಟಗಿರುವುದಿಲ್ಲ, ಓರೆಯಾಗಿರುತ್ತದೆ. ಗಾಡಿಯಲ್ಲೂ ಚಕ್ರ ತಿರುಗುವ ಗೂಟವನ್ನು ಹೀಗೆ ಓರೆಯಾಗಿ ಇಟ್ಟಿರುತ್ತಾರೆ. ತಿರುವು ಮುಗಿದ ಮೇಲೆ ಸ್ಟೇರಿಂಗು ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಇದರಿಂದ. ಹಳೆಯ ಗಾಡಿಗಳಲ್ಲಿ ಸ್ಪ್ರಿಂಗಿನ ಬ್ಲೇಡು ಕುಸಿದರೆ ಈ ಓರೆ ಕೆಡುತ್ತದೆ.

ಮೇಸ್ತ್ರಿ ತಕ್ಷಣ ಸ್ಪ್ಯಾನರು ಎತ್ತಿಕೊಳ್ಳಲಿಲ್ಲ. ಇದು ನನಗೆ ಹಿಡಿಸಿತು. ಮೊದಲು ಗಾಳಿ ನೋಡಿದ. ಎಡ ಚಕ್ರದಲ್ಲಿ ಬಲಕ್ಕಿಂತ ಸಾಕಷ್ಟು ಕಡಿಮೆ ಇತ್ತು. ಗಾಳಿ ಕಡಿಮೆಯಾದ ಚಕ್ರ ಭಾರವಾಗಿ ಉರುಳುತ್ತದೆ, ಗಾಡಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಸಮ ಮಾಡಿ ಎರಡು ಕಿಲೋಮೀಟರ್ ಓಡಿಸಿಕೊಂಡು ಬಂದ. ಎಳೆತ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಉಳಿದದ್ದು ರಸ್ತೆಯದ್ದಂತೆ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರವಾಗಿ, ಅಂಚನ್ನು ತಗ್ಗಾಗಿ ಮಾಡಿರುತ್ತಾರೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ಸರಿಯಾಗಿರುವ ಗಾಡಿಯೂ ಸ್ವಲ್ಪ ಎಡಕ್ಕೆ ಜಾರುತ್ತದೆ. ಸಮತಟ್ಟಾದ ಜಾಗದಲ್ಲಿ ಓಡಿಸಿ ನೋಡದೆ ಎಳೆತವಿದೆ ಎನ್ನಬಾರದು. ಶಾಲೆಯ ಪಕ್ಕದ ಬಯಲಿನಲ್ಲಿ ಓಡಿಸಿದಾಗ ಒಂದೇ ಕಡೆಗೆ ಎಳೆಯಲಿಲ್ಲ. ಆದರೆ ಹಾವಿನ ಹಾಗೆ ಅತ್ತಿತ್ತ ಹೋಗುತ್ತಿತ್ತು.

ಆಮೇಲೆ ಚಕ್ರದ ನಡುವಿಗೆ ಅಂಗೈ ಹಿಡಿದು ಬಿಸಿ ನೋಡಿದ. ಬ್ರೇಕು ಒಂದು ಕಡೆ ಹಿಡಿದುಕೊಂಡಿದ್ದರೆ ಆ ಚಕ್ರ ಕಾದಿರುತ್ತದೆ, ಗಾಡಿ ಆ ಕಡೆಗೆ ಎಳೆಯುತ್ತದೆ. (ಮಕ್ಕಳು ಮುಟ್ಟಬಾರದು, ಕೈ ಸುಟ್ಟೀತು.) ಎರಡೂ ಒಂದೇ ಸಮ ಇದ್ದವು. ಬ್ರೇಕಿನ ಮೇಲಿದ್ದ ಗುಮಾನಿ ಹೋಯಿತು.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕಿ ಏರಿಸಿ, ಆಕ್ಸಲಿನ ಕೆಳಗೆ ಮರದ ದಿಮ್ಮಿಗಳನ್ನು ಇಟ್ಟ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ಹೋಗಬಾರದಂತೆ. ಎಡ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಎಂದಿತು.

ಇಲ್ಲಿ ಅವನು ಮಾಡಿದ ಒಂದು ಕೆಲಸ ನನ್ನ ಮೊಮ್ಮಗಳಿಗೆ ಬಹಳ ಇಷ್ಟವಾಯಿತು. ಅಲ್ಲಾಟ ಚಕ್ರದ ಬೇರಿಂಗಿನಲ್ಲಿದೆಯೋ, ಚಕ್ರ ತಿರುಗುವ ಗೂಟದಲ್ಲಿದೆಯೋ? ಆ ಗೂಟಕ್ಕೆ ಕಿಂಗ್ ಪಿನ್ ಎನ್ನುತ್ತಾರೆ. ಬಿಚ್ಚದೆ ತಿಳಿಯುವುದು ಹೇಗೆ? ಮೇಸ್ತ್ರಿ ಡ್ರೈವರನ್ನು ಕರೆದು ಬ್ರೇಕು ಒತ್ತಿ ಹಿಡಿಯಲು ಹೇಳಿದ. ಬ್ರೇಕು ಒತ್ತಿದರೆ ಚಕ್ರವೂ ಅದರ ಹಿಂದಿನ ಭಾಗವೂ ಒಂದಾಗಿ ಬಿಗಿದುಕೊಳ್ಳುತ್ತವೆ, ಬೇರಿಂಗಿನ ಅಲ್ಲಾಟ ನಿಂತುಹೋಗುತ್ತದೆ. ಆಗಲೂ ಟಕ್ ಎಂದರೆ ಕಿಂಗ್ ಪಿನ್ನಿನದೇ ತಪ್ಪು. ಅವನು ಮತ್ತೆ ಅಲ್ಲಾಡಿಸಿದ. ಸದ್ದಿಲ್ಲ.

"ಬೇರಿಂಗು!" ಎಂದು ಮೊಮ್ಮಗಳು ಮೇಸ್ತ್ರಿಗಿಂತ ಮೊದಲೇ ಕೂಗಿದಳು.

ಬೇರಿಂಗನ್ನು ಬಿಗಿ ಮಾಡಿದ್ದಾಯಿತು. ಬಳಿಕ ಚಕ್ರದ ಎಡಬಲ ಹಿಡಿದು ಅಲ್ಲಾಡಿಸಿ ಟೈ ರಾಡಿನ ತುದಿಗಳನ್ನು ನೋಡಿದ. ಅವು ಗಟ್ಟಿಯಾಗಿದ್ದವು. ಗಾರೆಯವರ ತೂಗುಗುಂಡು ಇಳಿಬಿಟ್ಟು ಕ್ಯಾಂಬರನ್ನೂ ನೋಡಿದ. ಅದೂ ಪರವಾಗಿಲ್ಲ ಎಂದ.

ಇನ್ನು ಟೋ ಅಳೆಯಬೇಕು. ಕಂಪ್ಯೂಟರಿಲ್ಲ. ಸೀಮೆಸುಣ್ಣ, ಮೊಳೆ, ಅಳತೆಯ ಟೇಪು ಇಷ್ಟೇ. ಚಕ್ರ ಮೇಲಿದ್ದಾಗಲೇ ಟಯರಿಗೆ ಸುತ್ತಲೂ ಸುಣ್ಣ ಬಳಿದು, ಚಕ್ರ ತಿರುಗಿಸುತ್ತಾ ಒಂದೇ ಕಡೆ ಮೊಳೆ ಹಿಡಿದು ತೆಳ್ಳಗೆ ಗೆರೆ ಎಳೆದ. ಎರಡೂ ಟಯರಿಗೆ ಹೀಗೆ ಮಾಡಿ, ಗಾಡಿ ಇಳಿಸಿ, ಮುಂದಕ್ಕೆ ಸ್ವಲ್ಪ ತಳ್ಳಿಸಿದ. ಜಾಕಿಯಿಂದ ಇಳಿದ ಚಕ್ರ ತನ್ನ ಜಾಗಕ್ಕೆ ಕೂರಬೇಕಾದರೆ ಉರುಳಬೇಕು. ನಂತರ ಚಕ್ರಗಳ ಹಿಂಬದಿಯಲ್ಲಿ, ಚಕ್ರದ ನಡುಮಟ್ಟದ ಎತ್ತರದಲ್ಲಿ, ಗೆರೆಯಿಂದ ಗೆರೆಗೆ ಟೇಪು ಹಿಡಿದು ಅಳೆದು, ಅದೇ ಜಾಗಕ್ಕೆ ಗುರುತು ಮಾಡಿದ. ಗಾಡಿಯನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದಕ್ಕೆ ತಳ್ಳಿದಾಗ ಆ ಗುರುತುಗಳು ಮುಂಬದಿಗೆ ಬಂದವು. ಅಲ್ಲೂ ಅಳೆದ. ಅದೇ ಗುರುತಿನಲ್ಲಿ ಅಳೆದರೆ ಟಯರು ಸ್ವಲ್ಪ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಟೇಪಿನ ಒಂದು ತುದಿ ಮೊಮ್ಮಗಳ ಕೈಯಲ್ಲಿ, ಪೆನ್ಸಿಲು ನನ್ನ ಕೈಯಲ್ಲಿ.

ಮುಂದೆ 10 ಮಿಲಿಮೀಟರ್ ಹೆಚ್ಚು! ಒಳಕ್ಕಿರಬೇಕಾದ ಹೆಬ್ಬೆರಳುಗಳು ಹೊರಕ್ಕೆ ತಿರುಗಿದ್ದವು.

"ಒಂದು ಸೆಂಟಿಮೀಟರ್ ತಾನೇ ತಾತ? ಅಷ್ಟಕ್ಕೆಲ್ಲ ಟಯರು ಸವೆಯುತ್ತಾ?" ಎಂದಳು ಮೊಮ್ಮಗಳು.

ಅಲ್ಲೇ ನೆಲದ ಮೇಲೆ ಲೆಕ್ಕ ಮಾಡಿದೆವು. ಎರಡು ಚಕ್ರ ಸೇರಿ 10 ಮಿಲಿಮೀಟರ್, ಒಂದಕ್ಕೆ 5. ಟಯರಿನ ಅಡ್ಡಳತೆ 70 ಸೆಂಟಿಮೀಟರ್, ಅಂದರೆ 700 ಮಿಲಿಮೀಟರ್. 700ರಲ್ಲಿ 5 ಎಂದರೆ 140ಕ್ಕೆ 1. ಚಕ್ರ 140 ಮೀಟರ್ ಮುಂದಕ್ಕೆ ಹೋಗುವಾಗ 1 ಮೀಟರ್ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 7 ಮೀಟರ್. ದಿನದ 40 ಕಿಲೋಮೀಟರಿಗೆ 280 ಮೀಟರಿಗೂ ಹೆಚ್ಚು! ನಮ್ಮ ಮನೆಯಿಂದ ಕೆರೆ ಏರಿಯವರೆಗೆ ಟಯರನ್ನು ದಿನಾ ಅಡ್ಡಡ್ಡಲಾಗಿ ಎಳೆದುಕೊಂಡು ಹೋದ ಹಾಗೆ. ಈ ಲೆಕ್ಕವನ್ನು ನಾನು ಎಂಟು ತಿಂಗಳ ಮೊದಲೇ ಮಾಡಬೇಕಿತ್ತು.

ಹಾಗೆ ಹೊರಕ್ಕೆ ತಿರುಗಿದ್ದೇಕೆ? ಮೇಸ್ತ್ರಿ ಮತ್ತೆ ಕೆಳಗೆ ನುಸುಳಿ, ಟೈ ರಾಡಿನ ಈ ತುದಿಯಿಂದ ಆ ತುದಿಗೆ ದಾರ ಬಿಗಿದು ಹಿಡಿದು ನನ್ನನ್ನು ಕರೆದ. ಮಂಡಿ ಊರಿ ಬಗ್ಗಿ ನೋಡಿದೆ. ನಾಲ್ಕಡಿ ಕಂಬಿಯ ನಡುವೆ ದಾರಕ್ಕೂ ಕಂಬಿಗೂ ಎರಡು ಬೆರಳಗಲ ಸಂದು. ಕಂಬಿ ಬಾಗಿತ್ತು. ಬಾಗಿದ ಕಂಬಿಯ ತುದಿಗಳು ಹತ್ತಿರ ಬರುತ್ತವೆ. ಅದು ಆಕ್ಸಲಿನ ಹಿಂದಿರುವುದರಿಂದ ಚಕ್ರಗಳ ಹಿಂಭಾಗ ಒಳಕ್ಕೆ ಎಳೆದುಕೊಂಡು, ಮುಂಭಾಗ ಹೊರಕ್ಕೆ ತೆರೆದುಕೊಂಡಿತ್ತು.

"ಹಿಂದಿನಿಂದ ಏನೋ ಬಲವಾಗಿ ತಗಲದೆ. ರಿವರ್ಸಿನಾಗೆ ಆಗಿರ್ಬೇಕು" ಎಂದ ಮೇಸ್ತ್ರಿ.

ಡ್ರೈವರು ಮೊದಲ ಸಲ ಬಾಯಿ ಬಿಟ್ಟ. "ಹೊಸ ಟಯರು ಹಾಕಿದ್ ವಾರ ಸ್ವಾಮಿ. ನಿಮ್ ಬೀರು ತಂದ್ವಲ್ಲ."

ನನಗೆ ತಟ್ಟನೆ ನೆನಪಾಯಿತು. ತಿಪಟೂರಿನ ಮನೆಯಲ್ಲಿ ಉಳಿದಿದ್ದ ನನ್ನ ಕಬ್ಬಿಣದ ಬೀರುವನ್ನು ತಂದ ದಿನ. ಹಿತ್ತಲ ಬಾಗಿಲಿನವರೆಗೂ ಗಾಡಿ ಬರಲೆಂದು ನಾನೇ ಹಿಂದೆ ನಿಂತು, "ಬಾ, ಬಾ, ಬಾ, ಬರಲಿ" ಎಂದು ಕೈ ಬೀಸಿದ್ದೆ. ಅವನು "ಅಲ್ಲಿ ಮೋರಿ ಕಲ್ಲದೆ ಸ್ವಾಮಿ" ಎಂದಿದ್ದ. "ಏನೂ ಆಗಲ್ಲ, ಬಾ" ಎಂದಿದ್ದೆ. ಹಿಂದಿನ ಚಕ್ರ ದಾಟಿತು, ಮುಂದಿನ ಚಕ್ರ ಮೋರಿಗೆ ಇಳಿದಾಗ ಧಡ್ ಎಂದಿತು. ಬೀರುವಿಗೆ ಗೀರು ಬಿದ್ದಿದೆಯೇ ಎಂದು ನೋಡಿದೆನೇ ಹೊರತು ಗಾಡಿಯ ಕೆಳಗೆ ಬಗ್ಗಿ ನೋಡಲಿಲ್ಲ.

ಪೇಟೆಯ ಅಂಗಡಿಯವರು ಎರಡು ಸಲವೂ ಬಾಗಿದ ಕಂಬಿಯನ್ನು ಗಮನಿಸಿರಲಿಲ್ಲ, ಸಡಿಲವಿದ್ದ ಬೇರಿಂಗನ್ನೂ ನೋಡಿರಲಿಲ್ಲ. ಸಡಿಲವಾದ ಚಕ್ರವನ್ನು ಎಷ್ಟು ಸಲ ಅಳೆದರೇನು, ಅಳೆದಾಗಲೆಲ್ಲ ಬೇರೆ ಉತ್ತರ ಕೊಡುತ್ತದೆ. ಆದರೆ ಅವರ ಮೇಲೆ ಸಿಟ್ಟು ಮಾಡುವ ಮುಖ ನನಗೆಲ್ಲಿತ್ತು?

ಬಾಗಿದ ಕಂಬಿಯನ್ನು ಬಡಿದು ನೇರ ಮಾಡಬಹುದಲ್ಲ ಎಂದು ತಮ್ಮ ಕೇಳಿದ. ಮೇಸ್ತ್ರಿ ಒಪ್ಪಲಿಲ್ಲ. ಒಮ್ಮೆ ಬಾಗಿದ್ದು ಬಲ ಕಳೆದುಕೊಂಡಿರುತ್ತದೆ, ಓಡುವಾಗ ಮುರಿದರೆ ಎರಡು ಚಕ್ರ ಎರಡು ದಿಕ್ಕಿಗೆ ಹೋಗುತ್ತವೆ ಎಂದ. ಹೊಸದನ್ನೇ ತರಿಸಿದೆವು. ಅದರ ಎರಡು ತುದಿಯ ಮರೆಗಳು ಒಂದು ಎಡಸುತ್ತು, ಇನ್ನೊಂದು ಬಲಸುತ್ತು. ಹಾಗಾಗಿ ತುದಿ ಬಿಚ್ಚದೆಯೇ ಕಂಬಿಯನ್ನು ತಿರುಗಿಸಿ ಉದ್ದ ಮಾಡಬಹುದು, ಗಿಡ್ಡ ಮಾಡಬಹುದು. ತಿರುಗಿಸುವುದು, ಗಾಡಿ ತಳ್ಳುವುದು, ಅಳೆಯುವುದು, ಹೀಗೆ ನಾಲ್ಕು ಸಲ ಆಯಿತು. ಐದನೆಯ ಸಲ ಮೊಮ್ಮಗಳು ಟೇಪು ಓದಿ, "ಮುಂದೆ 2 ಮಿಲಿಮೀಟರ್ ಕಮ್ಮಿ" ಎಂದಳು. ಮೇಸ್ತ್ರಿ ನಟ್ಟು ಬಿಗಿದ.

ಆ ಸಂಜೆ ಜಗಲಿಯಲ್ಲಿ ಅದೇ ನಾಲ್ಕು ಜನ ಇರುವಾಗಲೇ ಡ್ರೈವರನ್ನು ಕರೆಸಿದೆ. ಏನು ಹೇಳಬೇಕೆಂದು ಮಧ್ಯಾಹ್ನದಿಂದ ಯೋಚಿಸಿಟ್ಟಿದ್ದೆ, ಬಾಯಿಗೆ ಬರಲಿಲ್ಲ. "ತಪ್ಪು ನಂದು ಕಣಪ್ಪ. ನಿನ್ನ ಮಾತು ಕೇಳಬೇಕಿತ್ತು" ಎಂದಷ್ಟೇ ಹೇಳಿ 1,500 ರೂಪಾಯಿ ಕೈಗೆ ಕೊಟ್ಟೆ. "ಎಣಿಸ್ಕೋ" ಎಂದೆ, ಹಳೆಯ ಅಭ್ಯಾಸ. ಅವನು ನಿಜವಾಗಿಯೂ ಎಣಿಸಿದ. ಎಣಿಸಿ ಜೇಬಿಗಿಟ್ಟುಕೊಂಡು, "ಟಯರು ಎರಡೂ ಬದಲಾಯಿಸ್ಬೇಕು ಸ್ವಾಮಿ, ಒಳಗಡೆ ತಂತಿ ಕಾಣ್ತದೆ. ನಾಳೆ ತಿಪಟೂರಿಗೆ ಹೋಗ್ತೀನಲ್ಲ, ಆವಾಗ್ಲೇ ಹಾಕಿಸ್ಲಾ?" ಎಂದ. ಬೇರೆ ಕಡೆ ಹೋಗುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಪುಸ್ತಕದಲ್ಲಿ ಮೂರು ತಿಂಗಳ ಕಡಿತವನ್ನು ವಾಪಸು ಬರೆದೆ. ಬ್ಯಾಂಕಿನ ಪದ್ಧತಿಯಂತೆ ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕು. ಮೊಮ್ಮಗಳು ಭುಜದ ಮೇಲಿಂದ ಇಣುಕಿ ನೋಡುತ್ತಿದ್ದಳು. "ಗುಮಾಸ್ತನ ತಪ್ಪು" ಎಂದು ಬರೆದು ಸಹಿ ಹಾಕಿದೆ.

ಶಾಲೆ ಶುರುವಾಗಿ ಅವಳು ಬೆಂಗಳೂರಿಗೆ ಹೋದಳು. ಭಾನುವಾರ ಫೋನು ಮಾಡಿದಾಗ ಮೊದಲು ನನ್ನ ಆರೋಗ್ಯ ಕೇಳುತ್ತಿದ್ದವಳು ಈಗ, "ತಾತ, ಟಯರು ಸವರಿ ನೋಡಿದ್ರಾ?" ಎನ್ನುತ್ತಾಳೆ.

ನೋಡಿದೆ ಮಗಳೇ, ಇವತ್ತು ಬೆಳಿಗ್ಗೆಯೂ ನೋಡಿದೆ. ಎರಡು ಕಡೆಯಿಂದಲೂ ನುಣುಪು.